ಕೊಡದ ಸಹಿ

 

ಇಂದಿನ ಚಿಂತನೆ ಎರಡನೇ ಶೀಲದ ಬಗ್ಗೆ. ಕೊಡದೆ ಇರುವುದನ್ನು ತೆಗೆದುಕೊಳ್ಳುವುದಿಲ್ಲ ಎಂದು ಪ್ರತಿ ಭಾನುವಾರ ಕೈಮುಗಿದು ಹೇಳುತ್ತೇವೆ. ದುಡ್ಡು, ಒಡವೆ, ಹೊಲದ ಬೆಳೆ ಎಂದರೆ ಇದರ ಅರ್ಥ ಎಲ್ಲರಿಗೂ ಗೊತ್ತು. ಆದರೆ ಒಬ್ಬರ ಹೆಸರು? ಒಬ್ಬರ ಸಹಿ? ಅದನ್ನೂ ಕದಿಯಬಹುದೇ? ಈ ಪ್ರಶ್ನೆ ನನ್ನ ಎದುರಿಗೆ ಬಂದದ್ದು 40,000 ರೂಪಾಯಿಯ ಜಗಳದ ರೂಪದಲ್ಲಿ. ನಾಚಿಕೆ ಬಿಟ್ಟು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ದೀಕ್ಷೆ ತೆಗೆದುಕೊಂಡು ಎರಡು ವರ್ಷವಾಗಿತ್ತು. ಒಂದು ಪಕ್ಷದವರು ಸರ್ಕಾರಕ್ಕೆ ಮನವಿ ಕೊಡಲು ಸಹಿ ಸಂಗ್ರಹ ಅಭಿಯಾನ ಹಮ್ಮಿಕೊಂಡಿದ್ದರು. ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ತಾಲ್ಲೂಕಿನ ಕೆಲಸ ಒಬ್ಬ ಏಜೆಂಟರ ಕೈಗೆ ಬಂತು. ಅವರು ಅದರಲ್ಲಿ ಒಂದು ಭಾಗ ನನಗೆ ಗುತ್ತಿಗೆ ಕೊಟ್ಟರು. ಒಂಬತ್ತು ದಿನದಲ್ಲಿ 20,000 ಸಹಿ. ಒಂದು ಸಹಿಗೆ 3 ರೂಪಾಯಿ. ಮುಂಗಡ 20,000, ಬಾಕಿ 40,000 ಹಾಳೆ ಒಪ್ಪಿಸಿದ ಮೇಲೆ. ಒಂದು ಹಾಳೆಗೆ 20 ಸಹಿ, ಒಟ್ಟು 1,000 ಹಾಳೆ.

ನಮ್ಮ ಓಣಿಯ ಹನ್ನೆರಡು ಮಂದಿಯನ್ನು ಕೂಡಿಸಿದೆ. ಡಿಗ್ರಿ ಓದುವ ಹುಡುಗರು, ಹೊಲಿಗೆ ಕೆಲಸದ ಇಬ್ಬರು ಹೆಣ್ಣುಮಕ್ಕಳು. ಅವರಿಗೆ ಸಹಿಗೆ ಒಂದೂವರೆ ರೂಪಾಯಿ ಎಂದು ಹೇಳಿದೆ. ಲೆಕ್ಕ ಹಾಕಿ ನೋಡಿ: ತಲಾ ದಿನಕ್ಕೆ 185 ಸಹಿ ಆಗಬೇಕು. ಅದು ನಾಟಿಯ ಕಾಲ. ಕಾಲುವೆ ಕೆಳಗಿನ ಊರುಗಳಲ್ಲಿ ಬೆಳಿಗ್ಗೆ ಏಳಕ್ಕೇ ಮನೆಗಳಿಗೆ ಬೀಗ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು, ಯೋಚಿಸಲಿಲ್ಲ.

ಮಸ್ಕಿ ಹತ್ತಿರದ ಒಂದು ಹಳ್ಳಿಯಲ್ಲಿ ನಾನೇ ಹುಡುಗರ ಜೊತೆ ಹೋಗಿದ್ದೆ. ಒಬ್ಬ ಅಜ್ಜಿ ಕಟ್ಟೆ ಮೇಲೆ ಕೂತಿದ್ದಳು. ಹಾಳೆ ಮುಂದೆ ಹಿಡಿದರೆ ಕೈ ಸೆರಗಿನೊಳಗೆ ಎಳೆದುಕೊಂಡಳು. "ನಾ ಒತ್ತಂಗಿಲ್ಲ ತಮ್ಮಾ. ನಮ್ಮ ಮಾವ ಖಾಲಿ ಹಾಳಿ ಮ್ಯಾಲೆ ಒಮ್ಮೆ ಹೆಬ್ಬೆಟ್ಟು ಒತ್ತಿದ್ದ. ಎರಡೆಕರೆ ಹೋತು, ಮನ್ಯಾಗಿನ ಗಂಡಸ್ರು ಹತ್ತು ವರ್ಷ ಜೀತ ಮಾಡಿದ್ರು." ನಾನು ಒತ್ತಾಯ ಮಾಡಲಿಲ್ಲ. ಸರಿ ಯವ್ವಾ ಎಂದು ಮುಂದಿನ ಮನೆಗೆ ಹೋದೆ.

ಏಳನೇ ದಿನಕ್ಕೆ ಸಂಖ್ಯೆ ಹಿಂದೆ ಬಿತ್ತು. ಏಜೆಂಟರ ಫೋನ್ ಮೇಲೆ ಫೋನ್. ಮಸ್ಕಿಯಲ್ಲಿ ರೂಮು ಮಾಡಿಕೊಂಡಿದ್ದ ನಾಲ್ಕು ಹುಡುಗರಿಗೆ ನಾನು ಹೇಳಿದ ಮಾತು ಇಷ್ಟೇ: "ಹೆಂಗರ ಮಾಡಿ ಮುಗಸ್ರಿ." ಹೆಂಗೆ ಎಂದು ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ರಾತ್ರಿಯಲ್ಲಿ 150 ಹಾಳೆ ತುಂಬಿ ಬಂದವು.

ಹಾಳೆ ಒಪ್ಪಿಸಿದೆ. ಬಾಕಿ ಬರಲಿಲ್ಲ. "ಇದರಾಗ ಬೋಗಸ್ ಅದಾವ" ಎಂದರು ಏಜೆಂಟರು. ನನಗೆ ಸಿಟ್ಟು ಬಂತು. ಹುಡುಗರಿಗೆ 18,000 ಕೊಡಬೇಕಿತ್ತು. ನಮ್ಮವರ ಬೆವರಿನ ದುಡ್ಡು ನುಂಗುತ್ತಾರೆ, ಇದು ಹಳೆಯ ರೋಗ, ಈ ಸಲ ಬಿಡಬಾರದು ಎಂದು ಲಿಂಗಸುಗೂರಿನ ಒಬ್ಬ ವಕೀಲರ ಬಳಿ ಹೋದೆ. ಅವರು ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದರು: "20,000 ಸಹಿನೂ ಖರೇ ಅದಾವ ಅಂತ ಪ್ರಮಾಣಪತ್ರ ಕೊಡ್ತೀರಾ?"

ಬಾಯಿ ಕಟ್ಟಿತು. ಅವರು ಬಿಡಿಸಿ ಹೇಳಿದರು. 1872ರ ಕರಾರು ಕಾಯ್ದೆಯ 23ನೇ ಕಲಂ ಪ್ರಕಾರ, ಉದ್ದೇಶವೇ ಕಾನೂನಿಗೆ ವಿರುದ್ಧವಾಗಿದ್ದರೆ ಆ ಕರಾರು ಅನೂರ್ಜಿತ. ನಿಜವಾಗಿ ಮಾಡಿದ ಕೆಲಸಕ್ಕೆ ಕೂಲಿ ಕೇಳಬಹುದು, ಸುಳ್ಳು ಸಹಿಗೆ ಕೂಲಿ ಎಂಬುದೇ ಇಲ್ಲ.

ಅಂದು ರಾತ್ರಿ ನನ್ನ ಬಳಿ ಇದ್ದ ಜೆರಾಕ್ಸ್ ಪ್ರತಿಗಳನ್ನು ಬಿಚ್ಚಿದೆ. ಆ 150 ಹಾಳೆಯಲ್ಲಿ ಹೆಸರುಗಳು ಮತದಾರರ ಪಟ್ಟಿಯ ಕ್ರಮದಲ್ಲೇ ಸಾಲಾಗಿ ಕೂತಿದ್ದವು. ಬೇರೆ ಬೇರೆ ಪೆನ್ನು, ಒಂದೇ ಕೈ. ಒಂದು ಹಾಳೆಯ ನಡುವೆ ಆ ಅಜ್ಜಿಯ ಹೆಸರು. ಮುಂದೆ ಯಾರದೋ ಹೆಬ್ಬೆಟ್ಟು.

ಬಂಧುಗಳೇ, ಅವಳು ಸಹಿ ಕೊಡದೆ ಬಿಟ್ಟವಳಲ್ಲ, ಕೊಡುವುದಿಲ್ಲ ಎಂದು ನನ್ನ ಮುಖಕ್ಕೇ ಹೇಳಿದವಳು. ಬಡವರ ಕೈಯಲ್ಲಿ ಉಳಿದಿರುವ ಕೊನೆಯ ಆಸ್ತಿ ಆ "ಒಲ್ಲೆ" ಎನ್ನುವ ಮಾತು. ನಾವು ಅದನ್ನೇ ತೆಗೆದುಕೊಂಡಿದ್ದೆವು.

ಇದು ನನ್ನೊಬ್ಬನ ಕಥೆ ಎಂದುಕೊಳ್ಳಬೇಡಿ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಏನಾಯಿತು ನೋಡಿ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದವು. ಪರಿಶೀಲಿಸಿದಾಗ ಸರಿ ಇದ್ದದ್ದು ಕೇವಲ 24. ಒಬ್ಬ ಬೂತ್ ಮಟ್ಟದ ಅಧಿಕಾರಿಗೆ ತನ್ನ ಸಂಬಂಧಿಕರ ಹೆಸರು ತೆಗೆಯಿರಿ ಎಂಬ ಅರ್ಜಿಯೇ ಬಂತು. ಅರ್ಜಿದಾರರನ್ನು ಕೇಳಿದರೆ, ನಾವು ಅರ್ಜಿ ಹಾಕಿಯೇ ಇಲ್ಲ ಎಂದರು. ಒಂದು ಅರ್ಜಿಗೆ 80 ರೂಪಾಯಿಯಂತೆ ಕೂಲಿ ಸಂದಾಯವಾಗಿದೆ ಎಂಬುದು ವಿಶೇಷ ತನಿಖಾ ತಂಡದ ಆರೋಪ. ಅಲ್ಲಿ ಇಬ್ಬರ ಹೆಸರು ಕಳುವಾಗುತ್ತದೆ: ಅರ್ಜಿ ಹಾಕಿದವರೆಂದು ತೋರಿಸಿದವರದು, ಪಟ್ಟಿಯಿಂದ ತೆಗೆಯಬೇಕೆಂದವರದು.

ದೂರದ ಅಮೆರಿಕದಲ್ಲೂ ಇದೇ. 2022ರಲ್ಲಿ ಮಿಷಿಗನ್ ರಾಜ್ಯದಲ್ಲಿ ಗವರ್ನರ್ ಹುದ್ದೆಗೆ ಸ್ಪರ್ಧಿಸಲು 15,000 ಮತದಾರರ ಸಹಿ ಬೇಕಿತ್ತು. ಕೂಲಿಗೆ ಸಹಿ ತರುತ್ತಿದ್ದ 36 ಮಂದಿ ಕನಿಷ್ಠ 68,000 ಖೊಟ್ಟಿ ಸಹಿ ತಂದುಕೊಟ್ಟಿದ್ದಾರೆಂದು ಚುನಾವಣಾ ಕಚೇರಿ ಕಂಡುಕೊಂಡಿತು. ಸರಿಯಾದ ಸಹಿ ಸಾಲದೆ ಐದು ಮಂದಿ ಗವರ್ನರ್ ಅಭ್ಯರ್ಥಿಗಳು ಕಣದಿಂದಲೇ ಹೊರಬಿದ್ದರು. ಅದೇ ದೇಶದ ಓರೆಗಾನ್ ರಾಜ್ಯದಲ್ಲಿ ಸಹಿಯ ಲೆಕ್ಕಕ್ಕೆ ಕೂಲಿ ಕೊಡುವುದನ್ನೇ 2002ರಲ್ಲಿ ಜನರು ಮತ ಹಾಕಿ ನಿಷೇಧಿಸಿದ್ದಾರೆ. ನಡೆದ ದಣಿವಿಗೆ ಕೂಲಿ ಕೊಡಿ, ಹೆಸರಿನ ತಲೆಯೆಣಿಕೆಗೆ ಬೇಡ ಎಂಬುದು ಅದರ ತಿರುಳು.

ಸಿಗಾಲೋವಾದ ಸುತ್ತದಲ್ಲಿ ಭಗವಾನರು ಗೃಹಸ್ಥನಿಗೆ ಇದನ್ನೇ ತಿಳಿಸಿದ್ದಾರೆ. ಕೆಲಸ ಮಾಡಿಸುವವನು ಆಳಿನ ಶಕ್ತಿ ನೋಡಿ ಕೆಲಸ ಹಂಚಬೇಕು, ಊಟ ಮತ್ತು ಕೂಲಿ ಕೊಡಬೇಕು. ಕೆಲಸ ಮಾಡುವವನು ಕೆಲಸ ಚೆನ್ನಾಗಿ ಮಾಡಬೇಕು, ಕೊಟ್ಟದ್ದನ್ನು ಮಾತ್ರ ತೆಗೆದುಕೊಳ್ಳಬೇಕು. ಈ ಅಳತೆಯಲ್ಲಿ ನನ್ನ ಗುತ್ತಿಗೆಯನ್ನು ಇಟ್ಟು ನೋಡಿದೆ. ಏಜೆಂಟರು ಕೂಲಿ ತಡೆದರು, ತಪ್ಪು. ಹುಡುಗರು ಯಾರೂ ಕೊಡದ ಸಹಿ ತೆಗೆದುಕೊಂಡರು, ತಪ್ಪು. ಆದರೆ ಶಕ್ತಿ ಮೀರಿದ ಕೆಲಸ ಹಂಚಿದವನು ಯಾರು? ಸುಳ್ಳು ಬರೆದಷ್ಟೂ ದುಡ್ಡು ಸಿಗುವ ಹಾಗೆ ದರ ಕಟ್ಟಿದವನು ಯಾರು? ಚೇತನವೇ ಕಮ್ಮ ಎಂದು ನಾವು ಓದುತ್ತೇವೆ. ನನ್ನ ಚೇತನ "ಹೆಂಗರ ಮಾಡಿ" ಎಂಬ ಆ ಎರಡು ಪದದಲ್ಲಿತ್ತು. ಪೆನ್ನು ಅವರದು, ಕಮ್ಮ ನನ್ನದೂ ಹೌದು.

ಮರುದಿನ ಏಜೆಂಟರಿಗೆ ಹೇಳಿದೆ: ಈ 150 ಹಾಳೆ ವಾಪಸ್ ತೆಗೆಯಿರಿ, ಉಳಿದ 17,000 ಸಹಿಯ ಲೆಕ್ಕದಲ್ಲಿ 31,000 ಕೊಡಿ. ಅವರು ಗಾಬರಿಯಾದರು. 20,000 ಎಂದು ಆಗಲೇ ಮೇಲಿನವರಿಗೆ ತಿಳಿಸಿಬಿಟ್ಟಿದ್ದರು. "ಪೂರಾ ನಲವತ್ತು ತಗೊಂಡು ಸುಮ್ನಿರ್ರಿ" ಎಂದರು. ಯಾವ ಹಣಕ್ಕಾಗಿ ನಾನು ಅಷ್ಟು ದಿನ ಜಗಳವಾಡಿದ್ದೆನೋ ಅದೇ ಹಣ ನನ್ನ ಬಾಯಿ ಮುಚ್ಚುವ ಬೆಲೆಯಾಗಿ ಬಂತು. ಮನೆಯಲ್ಲಿ ಮಹಿಳಾ ಸಂಘದ ಸಾಲದ ಕಂತು ಬಾಕಿ ಇತ್ತು. ಸುಳ್ಳಾಡುವುದಿಲ್ಲ, ಒಂದು ರಾತ್ರಿ ಪೂರಾ ಮನಸ್ಸು ಆ 9,000ದ ಸುತ್ತಲೇ ತಿರುಗಿತು.

31,000 ಮಾತ್ರ ತೆಗೆದುಕೊಂಡೆ. ಹಾಳೆಗಳ ನಂಬರ್ ಬರೆದು ಸಹಿ ಮಾಡಿ ಕೊಟ್ಟೆ. ಆ ಹಾಳೆಗಳನ್ನು ಅವರು ನಿಜವಾಗಿ ತೆಗೆದರೋ ಇಲ್ಲವೋ, ನಾನು ಬೆನ್ನು ಹತ್ತಲಿಲ್ಲ. ಅದು ನನ್ನ ಉಳಿದ ಸಾಲ. ಹುಡುಗರಿಗೆ ನಿಜವಾದ ಸಹಿಗಳ ಕೂಲಿ ಕೊಟ್ಟೆ. ಆ ನಾಲ್ವರಿಗೆ ಕಡೆಯ ಎರಡು ದಿನದ ದಿನಗೂಲಿಯನ್ನು ನನ್ನ ಪಾಲಿನಿಂದ ಕೊಟ್ಟೆ. ಒಬ್ಬ ಹುಡುಗ ಹೇಳಿದ: "ಅಣ್ಣಾ, ನೀವ ಅಲ್ಲೇನು ಮುಗಸ್ರಿ ಅಂದಿದ್ದು?" ಹೌದು, ನಾನೇ ಎಂದೆ.

ಆಮೇಲೆ ಅಜ್ಜಿಯ ಬಳಿ ಹೋದೆ. ನಡೆದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ. "ನಾ ಒಲ್ಲೆ ಅಂದಿದ್ದೆನಲ್ಲೋ ತಮ್ಮಾ" ಎಂದಳು, ಅಷ್ಟೇ. ಅದಕ್ಕೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ.

ಒಂದು ಸಹಿಯ ಭಾರ ಎಷ್ಟೆಂದು ನಮಗಿಂತ ಹೆಚ್ಚು ಯಾರಿಗೆ ಗೊತ್ತಿರಬೇಕು? 1932ರ ಸೆಪ್ಟೆಂಬರ್ 24ರಂದು ಪುಣೆಯಲ್ಲಿ ಬಾಬಾಸಾಹೇಬರು ಎಂಥ ಒತ್ತಡದಲ್ಲಿ ಆ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತೆಂದು ನಾವು ಓದಿದ್ದೇವೆ. 1928ರಲ್ಲಿ ಸೈಮನ್ ಆಯೋಗದ ಮುಂದೆ ಓದು ಬಾರದವರಿಗೂ ಮತ ಬೇಕು ಎಂದು ವಾದಿಸಿದವರೂ ಅವರೇ. ಹೆಬ್ಬೆಟ್ಟು ಒತ್ತುವ ಕೈಗೂ ಸ್ವಂತ ತೀರ್ಮಾನವಿದೆ ಎಂಬ ನಂಬಿಕೆ ಅದು.

ಮಸ್ಕಿಗೆ ಹೋದಾಗ ಈಗ ನಾನು ತಪ್ಪದೆ ಶಾಸನದ ಗುಡ್ಡಕ್ಕೆ ಹೋಗುತ್ತೇನೆ. 1915ರಲ್ಲಿ ಗಣಿ ಇಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಬಂಡೆ ಅದು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬಂಥ ಬಿರುದುಗಳಷ್ಟೇ ಇದ್ದವು. ಇಲ್ಲಿ ಅಶೋಕ ಎಂಬ ಹೆಸರೇ ಇದೆ. ಎರಡೂವರೆ ವರ್ಷದಿಂದ ತಾನು ಬುದ್ಧನ ಅನುಯಾಯಿ ಎಂದು ಹೇಳಿಕೊಂಡು, ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಧಮ್ಮದಿಂದ ಆ ಎತ್ತರ ಸಾಧ್ಯ ಎಂದು ಅವನು ಅಲ್ಲಿ ಹೇಳುತ್ತಾನೆ. ಆ ಮಾತಿಗೆ ಅವನ ಹೆಸರೇ ಜಾಮೀನು. ನಮ್ಮ ಅಜ್ಜಿಯ ಹೆಸರಿಗೂ ಅಷ್ಟೇ ಬೆಲೆ.

ಚುನಾವಣೆ ಬರುತ್ತವೆ, ಸಹಿ ಸಂಗ್ರಹ ಬರುತ್ತವೆ, ನಮ್ಮ ಹುಡುಗರಿಗೆ ಕೆಲಸವೂ ಬೇಕು. ಮಾಡಲಿ. ಆದರೆ ದಿನಗೂಲಿಗೆ ಮಾಡಲಿ, ಕರಾರು ಬರೆಸಿಕೊಳ್ಳಲಿ, ಮನವಿಯನ್ನು ಓದಿ ಹೇಳಿದ ಮೇಲೆಯೇ ಪೆನ್ನು ಕೊಡಲಿ. ಒಲ್ಲೆ ಎಂದವರ ಮನೆಯಿಂದ ಕೈಮುಗಿದು ಬರಲಿ.

ಇಂದು ಮಲಗುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇವತ್ತು ನಾನು ಯಾರಿಗಾದರೂ "ಹೆಂಗರ ಮಾಡಿ" ಎಂದು ಹೇಳಿದೆನೇ?

ಭವತು ಸಬ್ಬ ಮಂಗಲಂ. ಜೈಭೀಮ್. 🙏