ಮುಪ್ಪಿನಲ್ಲಿ ಹಾಡು, ಕುಣಿತ ಸರಿಯೇ?

‘ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ’ ಎಂದು ವಯಸ್ಸಾದವರನ್ನು ಕುರಿತು ನಮ್ಮಲ್ಲಿ ಒಂದು ಮಾತಿದೆ. ಅರವತ್ತು ದಾಟಿದ ಮೇಲೆ ಕೈಯಲ್ಲಿ ಜಪಸರ ಹಿಡಿದು, ಮೊಮ್ಮಕ್ಕಳನ್ನು ಆಡಿಸುತ್ತಾ ಮನೆಯಲ್ಲಿ ಕುಳಿತಿರುವುದೇ ಹಿರಿಯರಿಗೆ ಭೂಷಣವೆಂದು ನಾವು ನಂಬಿದ್ದೇವೆ. ಹಾಗಿರುವಾಗ ಎಪ್ಪತ್ತು, ಎಂಬತ್ತು ವರ್ಷದ ದಂಪತಿಗಳು ಮನೆಗೆ ಬೀಗ ಹಾಕಿ, ಸಾವಿರಾರು ಮೈಲಿ ದೂರ ಹೋಗಿ, ನಾಲ್ಕೈದು ತಿಂಗಳು ಹಾಡು ಕುಣಿತಗಳಲ್ಲಿ ಕಳೆಯುತ್ತಾರೆಂದರೆ ನಮಗೆ ಏನೆನ್ನಿಸೀತು?

ಅಮೆರಿಕದಲ್ಲಿ ಇದು ಮಾಮೂಲು. ಉತ್ತರದ ಮಿನೆಸೋಟ, ಅಯೋವಾ, ವಿಸ್ಕಾನ್ಸಿನ್ ರಾಜ್ಯಗಳಲ್ಲೂ ನೆರೆಯ ಕೆನಡಾದಲ್ಲೂ ಚಳಿಗಾಲವೆಂದರೆ ತಿಂಗಳುಗಟ್ಟಲೆ ಹಿಮ. ಜಾರಿ ಬಿದ್ದು ಮೂಳೆ ಮುರಿದುಕೊಳ್ಳುವ ಭಯದಿಂದ ವೃದ್ಧರು ಹೊರಗೆ ಕಾಲಿಡಲು ಹಿಂಜರಿಯುತ್ತಾರೆ. ಆದ್ದರಿಂದ ನಿವೃತ್ತರಲ್ಲಿ ಅನೇಕರು ಅಕ್ಟೋಬರ್, ನವೆಂಬರ್ ಹೊತ್ತಿಗೆ ಬೆಚ್ಚಗಿನ ಫ್ಲಾರಿಡಾ, ಅರಿಜೋನಾ, ಟೆಕ್ಸಾಸ್‌ಗಳಿಗೆ ಹೊರಡುತ್ತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ಮರಳುತ್ತಾರೆ. ಜನ ಇವರನ್ನು ‘ಸ್ನೋ ಬರ್ಡ್ಸ್’, ಅಂದರೆ ಹಿಮದ ಹಕ್ಕಿಗಳು ಎನ್ನುತ್ತಾರೆ. ಟೆಕ್ಸಾಸಿನ ದಕ್ಷಿಣ ತುದಿಯಲ್ಲಿ, ಮೆಕ್ಸಿಕೊ ಗಡಿಗೆ ಅಂಟಿಕೊಂಡಿರುವ ರಿಯೊ ಗ್ರಾಂಡ್ ನದಿಯ ಬಯಲಿನಲ್ಲಿ ಮೆಕ್ಯಾಲೆನ್, ಮಿಷನ್, ವೆಸ್ಲಾಕೊ, ಹಾರ್ಲಿಂಜನ್ ಎಂಬ ಊರುಗಳಿವೆ. ಅಲ್ಲಿ ಇವರಿಗೆ ‘ವಿಂಟರ್ ಟೆಕ್ಸನ್ಸ್’ ಎಂಬ ಹೆಸರು.

ಹಲವರು ಬರುವುದು ‘ಆರ್.ವಿ.’ ಎಂಬ ವಾಹನದಲ್ಲಿ. ಹಾಸಿಗೆ, ಅಡಿಗೆಮನೆ, ಬಚ್ಚಲು ಎಲ್ಲ ಅದರೊಳಗೇ ಇರುತ್ತವೆ. ಇಂಥ ವಾಹನಗಳಿಗೆ ಜಾಗ, ನೀರು, ವಿದ್ಯುತ್ತು, ಚರಂಡಿ ಸಂಪರ್ಕ ಕೊಡುವ ‘ಪಾರ್ಕು’ಗಳಿವೆ. ದೊಡ್ಡ ಪಾರ್ಕುಗಳಲ್ಲಿ ಒಂದು ಸಭಾಂಗಣವಿರುತ್ತದೆ. ಕೂಲಿ ಕೊಟ್ಟು ಕರೆಸಿದ ವಾದ್ಯಗೋಷ್ಠಿ ಒಮ್ಮೆ ನುಡಿಸಿದರೆ, ಮತ್ತೊಮ್ಮೆ ಅಲ್ಲಿ ಬಿಡಾರ ಹೂಡಿದವರೇ ಗಿಟಾರು, ಪಿಟೀಲು, ಬ್ಯಾಂಜೊ, ಅಕಾರ್ಡಿಯನ್ ಹಿಡಿದು ವೃತ್ತಾಕಾರವಾಗಿ ಕೂರುತ್ತಾರೆ. ಹೊಲ ಉತ್ತವರು, ಲಾರಿ ಓಡಿಸಿದವರು, ಪಾಠ ಹೇಳಿದವರು ಸರದಿಯಂತೆ ಒಂದೊಂದು ಹಾಡು ಎತ್ತಿಕೊಳ್ಳುತ್ತಾರೆ, ಉಳಿದವರು ಜೊತೆಗೂಡುತ್ತಾರೆ. ಮೊಣಕಾಲು ನೋವಿದ್ದವರೂ ಪೋಲ್ಕ ನೃತ್ಯಕ್ಕೆ ಎದ್ದು ನಿಲ್ಲುತ್ತಾರೆ.

ಇದು ಸೋಮಾರಿತನವಲ್ಲವೇ, ಸಾವಿಗೆ ಸಿದ್ಧರಾಗುವ ವಯಸ್ಸಿನಲ್ಲಿ ಈ ಮೋಜು ಬೇಕೇ ಎಂದು ಕೇಳುವವರಿದ್ದಾರೆ. ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ಈ ಪ್ರಶ್ನೆಯನ್ನು ಎದುರಿಸಿದರು. ದಣಿದ ದೇಹಕ್ಕೆ ವಿಶ್ರಾಂತಿ ಬೇಕಾದಂತೆ ಮನಸ್ಸಿಗೂ ಬೇಕು, ಆ ವಿಶ್ರಾಂತಿಯೇ ಸಂತೋಷ ಎಂಬುದು ಅವರ ವಾದ. ಇದಕ್ಕೆ ಅವರೊಂದು ಹಳೆಯ ಕಥೆ ಹೇಳುತ್ತಾರೆ. ಶುಭಸಂದೇಶಕಾರ ಸಂತ ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರು ಮೂಗು ಮುರಿದರಂತೆ. ಯೊವಾನ್ನರು ಅವರಲ್ಲಿ ಬಿಲ್ಲು ಹಿಡಿದಿದ್ದವನಿಗೆ ಬಾಣ ಬಿಡಲು ಹೇಳಿದರು. ಹೀಗೇ ಬಿಡುವಿಲ್ಲದೆ ಎಳೆಯುತ್ತಿರಬಲ್ಲೆಯಾ ಎಂದು ಕೇಳಿದರು. ಬಿಲ್ಲು ಮುರಿದೀತು ಎಂದನವನು. ಮನಸ್ಸೂ ಹಾಗೆಯೇ ಎಂದರಂತೆ ಸಂತರು. ತಾನೂ ನಗದೆ ಇತರರ ನಗುವಿಗೂ ಕಲ್ಲು ಹಾಕುವವನದು ದೋಷವೆಂದೇ ಅಕ್ವಿನಾಸರು ಹೇಳುತ್ತಾರೆ. ಆದರೆ ಸಂತೋಷ ಅಸಭ್ಯವಾಗಬಾರದು, ಮನಸ್ಸು ಹತೋಟಿ ತಪ್ಪಬಾರದು, ಕಾಲ ದೇಶಗಳಿಗೆ ಒಪ್ಪುವಂತಿರಬೇಕು ಎಂಬ ಎಲ್ಲೆಯನ್ನೂ ಹಾಕುತ್ತಾರೆ.

ಪವಿತ್ರ ಗ್ರಂಥವೂ ವೃದ್ಧರಿಂದ ಸಂಗೀತವನ್ನು ಕಸಿಯುವುದಿಲ್ಲ. ಔತಣದಲ್ಲಿ ಕುಳಿತ ಹಿರಿಯನಿಗೆ ಸಿರಾಖನು ಕೊಡುವ ಬುದ್ಧಿವಾದ ಸ್ವಾರಸ್ಯಕರ: ಮಾತನಾಡುವ ಹಕ್ಕು ನಿನಗುಂಟು, ಸಂಗೀತಕ್ಕೆ ಮಾತ್ರ ಅಡ್ಡಿ ಮಾಡಬೇಡ! ಇನ್ನು ಎಂಬತ್ತರ ಬರ್ಜಿಲ್ಲೈ, ಅರಮನೆಗೆ ಬಾ ಎಂದು ದಾವೀದರಸ ಕರೆದಾಗ, ಗಾಯಕರ ದನಿ ನನ್ನ ಕಿವಿಗೆ ಬೀಳುವುದೇ ಎಂದು ಕೇಳಿ ತನ್ನ ಊರಿಗೇ ಮರಳಿದ. ಹಾಡು ಕೇಳುವ ಶಕ್ತಿ ಕೊನೆಯವರೆಗೆ ಉಳಿದರೆ ಅದು ದೇವರ ಕೊಡುಗೆ.

ಹಾಗಾದರೆ ಚಿಂತಿಸುವುದಕ್ಕೆ ಏನೂ ಇಲ್ಲವೇ? ಇದೆ. ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ ಸಿರಿವಂತನ ಸಾಮತಿಯನ್ನು ಲೂಕನ ಶುಭಸಂದೇಶದಲ್ಲಿ ಓದುತ್ತೇವೆ. ಉಂಡು ಕುಡಿದು ಆನಂದಪಡಬೇಕೆಂಬ ಆಸೆ ಅವನದು. ಅವನ ಮಾತಿನಲ್ಲೆಲ್ಲ ನನ್ನ ಬೆಳೆ, ನನ್ನ ಕಣಜ ಎಂಬುದೇ ಇದೆ. ಇನ್ನೊಬ್ಬ ಮನುಷ್ಯನ ಸುಳಿವೇ ಇಲ್ಲ. ಅವನು ಬುದ್ಧಿಹೀನನಾದದ್ದು ಅಲ್ಲಿ.

ಆ ನದಿಬಯಲಿಗೆ ಮತ್ತೆ ಹೋಗೋಣ. ಅದು ಅಮೆರಿಕದ ಕಡು ಬಡ ಪ್ರದೇಶಗಳಲ್ಲಿ ಒಂದು. ಅಲ್ಲಿನ ತೋಟಗಳಲ್ಲಿ ಹಣ್ಣು ತರಕಾರಿ ಕಿತ್ತವರು ಹೆಚ್ಚಾಗಿ ಮೆಕ್ಸಿಕೊ ಮೂಲದ ಬಡವರು. 1950ರ ದಶಕದಿಂದ ಪಟ್ಟಣದಾಚೆಯ ಅಗ್ಗದ ಜಾಗ ಕೊಂಡು ಇಂಥ ಕುಟುಂಬಗಳು ನೆಲೆಸಿದ ‘ಕೊಲೋನಿಯ’ಗಳಿಗೆ ನಲ್ಲಿ, ಚರಂಡಿ, ರಸ್ತೆಗಳೇ ಇರಲಿಲ್ಲ. ಎಷ್ಟೋ ಕಡೆ ಈಗಲೂ ಕೊರತೆ ನೀಗಿಲ್ಲ. ನಾಲ್ಕು ತಿಂಗಳ ಮಟ್ಟಿಗೆ ಬಂದ ವಾಹನಕ್ಕೆ ಸಿಗುವ ನೀರು, ಚರಂಡಿಗಾಗಿ ಅಲ್ಲೇ ಹುಟ್ಟಿದವರು ವರ್ಷಗಟ್ಟಲೆ ಕಾದರು.

ವಿಚಿತ್ರವೆಂದರೆ, ಆ ಬಡವರ ಸಂಗೀತವೂ ಪೋಲ್ಕವೇ. ಜರ್ಮನ್, ಚೆಕ್ ವಲಸಿಗರು ಟೆಕ್ಸಾಸಿಗೆ ತಂದ ಅಕಾರ್ಡಿಯನ್ನನ್ನೂ ಪೋಲ್ಕವನ್ನೂ ಮೆಕ್ಸಿಕನ್ ಕೂಲಿಗಳು ತಮ್ಮದಾಗಿಸಿಕೊಂಡರು. ಅದೇ ‘ಕೊನ್ಹುಂತೊ’ ಸಂಗೀತ. ಅದರ ಪಿತಾಮಹ ನಾರ್ಸಿಸೊ ಮಾರ್ತಿನೆಸ್ (1911–1992) ಇದೇ ಬಯಲಿನಲ್ಲಿ ಬೆಳೆದವರು. 1936ರಲ್ಲೇ ಅವರ ಧ್ವನಿಮುದ್ರಿಕೆ ಬಂತು, 1983ರಲ್ಲಿ ರಾಷ್ಟ್ರೀಯ ಗೌರವ ಸಿಕ್ಕಿತು. ಆದರೂ ಹೊಟ್ಟೆಪಾಡಿಗೆ ಅವರು ಹೊಲದ ಕೂಲಿ ಮಾಡಿದರು, ಲಾರಿ ಓಡಿಸಿದರು, ಮೃಗಾಲಯದಲ್ಲೂ ದುಡಿದರು. ಪಾರ್ಕಿನ ಗೇಟಿನ ಒಳಗೂ ಹೊರಗೂ ಒಂದೇ ತಾಳ. ಒಳಗಿರುವವರು ಹೊರಗಿನವರನ್ನು ಬಲ್ಲರೇ ಎಂಬುದೇ ಪ್ರಶ್ನೆ. ಸಿರಿವಂತನು ಬಾಗಿಲಲ್ಲಿದ್ದ ಲಾಜರನನ್ನು ಹೊಡೆಯಲಿಲ್ಲ, ಬೈಯಲಿಲ್ಲ, ಗಮನಿಸಲೂ ಇಲ್ಲ. ಹಾಗಾಗದಂತೆ ಎಚ್ಚರ ವಹಿಸುವ ಹಿರಿಯರೂ ಅಲ್ಲಿದ್ದಾರೆ. ಶಾಲೆಗಳಲ್ಲಿ, ದೇವಾಲಯಗಳಲ್ಲಿ, ಬಡವರಿಗೆ ಆಹಾರ ಹಂಚುವ ಕೇಂದ್ರಗಳಲ್ಲಿ ಅವರು ಸಂಬಳವಿಲ್ಲದೆ ದುಡಿಯುತ್ತಾರೆ. ಅಂಥವರು ಸಂಜೆ ಹಾಡಿದರೆ ಆ ಹಾಡು ದೇವರಿಗೂ ಪ್ರಿಯವಾದೀತು.

ಪ್ರಿಯ ಓದುಗರೇ, ಅದೇ ಚಳಿಗಾಲದಲ್ಲಿ ಅದೇ ಅಮೆರಿಕದಲ್ಲಿ ನಮ್ಮವರೂ ಇರುತ್ತಾರೆ. ಮಗಳ ಬಾಣಂತನಕ್ಕೆ, ಮೊಮ್ಮಗುವನ್ನು ನೋಡಿಕೊಳ್ಳಲಿಕ್ಕೆ ಹೋದ ತಾಯಂದಿರು ಮುಚ್ಚಿದ ಕಿಟಕಿಯ ಹಿಂದೆ ನಿಂತು ಹಿಮ ನೋಡುತ್ತಾ ದಿನ ಎಣಿಸುತ್ತಾರೆ. ಅವರ ಸೇವೆ ದೊಡ್ಡದು. ಆದರೆ ಅವರಿಗೂ ಒಂದು ಹಾಡು ಬೇಕೆಂದು ಯಾರಿಗೆ ನೆನಪಾಗುತ್ತದೆ? ಹಿಮದ ಹಕ್ಕಿಗಳನ್ನು ಸ್ವಾರ್ಥಿಗಳೆನ್ನುವ ಮೊದಲು ನಮ್ಮ ಮನೆಯ ಹಿರಿಯರನ್ನು ನಾವು ಬಿಟ್ಟಿ ಆಳುಗಳಾಗಿಸಿಲ್ಲವಷ್ಟೇ ಎಂದು ಕೇಳಿಕೊಳ್ಳೋಣ.

ಈ ಭಾನುವಾರ ಊಟವಾದ ಮೇಲೆ ಅಜ್ಜನಿಗೋ ಅಜ್ಜಿಗೋ, ನಿಮ್ಮ ಕಾಲದ ಹಾಡೊಂದನ್ನು ಹೇಳಿ ಎಂದು ಕೇಳಿನೋಡಿ. ಮನೆಯ ಬಾಗಿಲು ಮಾತ್ರ ತೆರೆದಿರಲಿ. ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿಗೂ ಅದು ಕೇಳಿಸಲಿ. ಅವರೂ ಎದ್ದು ಬಂದು ಕೂರಲಿ.