ಬಿಸಿಲಿಗೆ ಬಿಲ್ಲಿಲ್ಲ

ಹಿರಿಯೂರು ಸೀಮೆಗೆ ಬಿಸಿಲಿನ ಬರ ಎಂದೂ ಬಂದದ್ದಿಲ್ಲ. ನೀರಿನ ಬರ ಬಾರದ ವರ್ಷಗಳೇ ಅಪರೂಪ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಅಣೆಕಟ್ಟು ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಬಿದ್ದದ್ದು 2022ರಲ್ಲಿ. ಅಜ್ಜ ಕಂಡದ್ದನ್ನು ನೋಡಲು ಮರಿಮಗನೇ ಹುಟ್ಟಿ ಬರಬೇಕಾಯಿತು. ನಾಲೆ ಮುಟ್ಟದ ಹೊಲಗಳಿಗೆ ಬೋರೇ ಗತಿ.

ಈಗ ಬೋರಿನ ಪಕ್ಕದಲ್ಲಿ ಸೋಲಾರ್ ಪ್ಲೇಟುಗಳು ಏಳುತ್ತಿವೆ. 2019ರಲ್ಲಿ ಶುರುವಾದ ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪಿನ ಖರ್ಚಿಗೆ ಕೇಂದ್ರ ಶೇ 30, ನಮ್ಮ ರಾಜ್ಯ ಶೇ 50 ಕೊಡುತ್ತದೆ. ರೈತ ಹಾಕಬೇಕಾದದ್ದು ಉಳಿದ ಶೇ 20. ರಾತ್ರಿ ಪಾಳಿಯ ತ್ರೀಫೇಸ್‌ಗೆ ಕಾದು, ಹಾವು ಚೇಳಿಗೆ ಅಂಜುತ್ತ ಟಾರ್ಚು ಹಿಡಿದು ಸ್ಟಾರ್ಟರ್ ಒತ್ತಿದವರಿಗೇ ಗೊತ್ತು ಬಿಸಿಲಿನ ಪಂಪಿನ ಸುಖ.

ನನ್ನ ಅಳುಕು ಇರುವುದೂ ಅಲ್ಲೇ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಮೊದಲೇ ಪುಕ್ಕಟೆ. ಆದರೆ ಅದಕ್ಕೆ ಗಂಟೆಯ ಲಗಾಮಾದರೂ ಇತ್ತು. ಬಿಸಿಲಿಗೆ ಬಿಲ್ಲೂ ಇಲ್ಲ, ಪಾಳಿಯೂ ಇಲ್ಲ. ಹಾಯಿ ನೀರು ಪಾತಿ ತುಂಬಿ ಬದು ದಾಟಿದರೂ ಎದ್ದು ಹೋಗಿ ಮೋಟರು ನಿಲ್ಲಿಸುವ ಅವಸರ ಯಾರಿಗಿರುತ್ತದೆ? ಎತ್ತಿದ್ದು ಸೂರ್ಯನೋ ಕರೆಂಟೋ, ನೆಲದೊಳಗಿನ ನೀರಿಗೆ ಎರಡೂ ಒಂದೇ.

ಹನಿ ನೀರಾವರಿಯ ದಾಳಿಂಬೆ ಸಾಲಿನಲ್ಲಿ ಒಮ್ಮೆ ಬಗ್ಗಿ ನೋಡಿ. ಕಪ್ಪು ಪೈಪಿನಿಂದ ತೊಟ್ಟಿಕ್ಕಿದ ಕಡೆ ತಟ್ಟೆಯಗಲ ನೆಲ ಒದ್ದೆ. ಅದರಿಂದ ಒಂದು ಗೇಣು ಆಚೆ ಮಣ್ಣು ಹುಡಿಹುಡಿ, ಕಳೆಯೂ ಏಳದು. ಗಂಟೆಗೆ 4 ಲೀಟರಿನ ಡ್ರಿಪ್ಪರ್ ಗಿಡಕ್ಕೆ ಎರಡಿದ್ದರೆ, ಮೂರು ಗಂಟೆಗೆ 24 ಲೀಟರು. ಒಂದು ಬಿಂದಿಗೆಗಿಂತ ಕೊಂಚ ಹೆಚ್ಚು, ಅಷ್ಟೇ. ಬಿಸಿಲಿನ ಪಂಪಿಗೆ ಲಗಾಮು ಅಂತ ಇದ್ದರೆ ಇದೇ.

ಇವೆರಡನ್ನು ಹೊಂದಿಸುವುದಕ್ಕೆ ಮಾತ್ರ ತಾಳ್ಮೆ ಬೇಕು. ಬೆಳಗ್ಗೆ ಮೋಟರು ಮಂದ, ನಡುಹಗಲಿಗೆ ಜೋರು. ಮೋಡ ಕವಿದರೆ ಸಾಲಿನ ಕೊನೆಯ ಗಿಡಕ್ಕೆ ಒತ್ತಡ ಸಾಲದು. ಅದಕ್ಕೇ ತಿಳಿದವರು ತೋಟವನ್ನು ಭಾಗ ಮಾಡಿ ಒಂದೊಂದಕ್ಕೂ ಗೇಟ್‌ವಾಲ್ ಇಡುತ್ತಾರೆ, ಇಲ್ಲವೇ ಎತ್ತರದ ತೊಟ್ಟಿಗೆ ನೀರು ತುಂಬಿಸಿ ಅಲ್ಲಿಂದ ಬಿಡುತ್ತಾರೆ. ಬೋರಿನ ನೀರಲ್ಲಿ ಉಪ್ಪಿನಂಶ ಹೆಚ್ಚಿದ್ದರೆ ಡ್ರಿಪ್ಪರಿನ ಬಾಯಿ ಕಟ್ಟುತ್ತದೆ. ಆಗಾಗ ಫಿಲ್ಟರ್ ತೊಳೆಯಬೇಕು, ಪೈಪಿನ ತುದಿ ಬಿಚ್ಚಿ ಕೊಳೆ ಬಿಡಬೇಕು. ಸಬ್ಸಿಡಿ ಅರ್ಜಿಗೆ ಹತ್ತು ಸಲ ಅಲೆಯುವ ನಾವು ಈ ಫಿಲ್ಟರಿನ ಮುಂದೆ ಸೋಮಾರಿಗಳಾಗುತ್ತೇವೆ!

ಸೋಲಾರ್ ಹಾಕಿಸಬೇಕೆಂದಿರುವವರು ಮೊದಲು ಬೋರಿನಲ್ಲಿ ಎಷ್ಟು ನೀರಿದೆ ಎಂದು ಅಳೆಸಿ, ನೀರನ್ನು ಪರೀಕ್ಷೆ ಮಾಡಿಸಿ, ಡ್ರಿಪ್ ಎಳೆಸಿ. ಪ್ಲೇಟು ಎಷ್ಟು, ಪಂಪು ಎಷ್ಟು ಎಂಬುದು ಆಮೇಲಿನ ಮಾತು. ಕೇಳಲು ಹಿರಿಯೂರಿನ ಬಬ್ಬೂರು ಫಾರಂನಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ.