ಕಟ್ಟಿದ ಕೈ ಯಾರದು?



ಕಳೆದ ಶ್ರಾವಣ ಮಾಸದ ಕೊನೆಯ ಸೋಮವಾರ. ಪ್ರಸಾದ ಮುಗಿದು ಭಕ್ತರೆಲ್ಲ ತೆರಳಿದ ಮೇಲೆ ನಾನು ಮಠದ ಕಚೇರಿಯಲ್ಲಿ ಕಿರ್ದಿ ಬರೆಯುತ್ತ ಕುಳಿತಿದ್ದೆ. ಸೊಲ್ಲಾಪುರ ಜಿಲ್ಲೆಯಲ್ಲಿ ಅಡತಿ ಅಂಗಡಿ ನಡೆಸುವ ಭಕ್ತರೊಬ್ಬರು ಬಂದು ಬಾಗಿಲಲ್ಲೇ ನಿಂತರು. ದೇಣಿಗೆ ಕೊಡಲು ಬಂದಿರಬೇಕೆಂದು ಪಾವತಿ ಪುಸ್ತಕ ತೆಗೆದೆ. ಅವರು ಕೇಳಿದ್ದೇ ಬೇರೆ.

“ಅವ್ವನ ಕೈ ರಾತ್ರಿ ಮಂಚಕ್ಕ ಕಟ್ಟಿಸೀನ್ರಿ. ಕಟ್ಟಂತ ಹೇಳಿದಾಂವ ನಾನು, ಕಟ್ಟಿದಾಕಿ ಮಾವಶಿ. ಇದರ ಪಾಪ ಯಾರಿಗೆ ಬರತೈತ್ರಿ?”

ಅವರ ತಾಯಿಗೆ ಎಂಬತ್ತು ದಾಟಿದೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು; ಶಸ್ತ್ರಚಿಕಿತ್ಸೆಯೂ ಆಯಿತು. ಅಂದಿನಿಂದ ನೆನಪು ಮಾಸುತ್ತ ಬಂತು. ರಾತ್ರಿ ಎದ್ದು ಮಂಚದಿಂದ ಇಳಿಯಲು ಹೋಗಿ ಮತ್ತೊಮ್ಮೆ ಬಿದ್ದರು. ಆರೈಕೆಗೆಂದು ಏಜೆನ್ಸಿಯ ಮೂಲಕ ಲಾತೂರ ಕಡೆಯ ಹೆಣ್ಣುಮಗಳೊಬ್ಬಳನ್ನು ಇಟ್ಟುಕೊಂಡರು. ಹಗಲಿರುಳು ಅವಳೊಬ್ಬಳೇ. ನಾಲ್ಕನೆಯ ತಿಂಗಳಲ್ಲಿ ಹಳೆಯ ಸೀರೆಯ ಪಟ್ಟಿಯಿಂದ ಕೈ ಕಟ್ಟುವುದು ಶುರುವಾಯಿತು. ಪಂಚಮಿ ಹಬ್ಬಕ್ಕೆ ಬಂದ ಮಗಳು ಮುಂಗೈ ಮೇಲಿನ ಕಪ್ಪು ಕಲೆ ನೋಡಿ ಕೇಳಿದಾಗ, ತಾಯಿ ಮಾತಾಡದೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರಂತೆ.

ಇಂತಹ ಪರಿಸ್ಥಿತಿ ಇಂದು ನಮ್ಮ ಅನೇಕ ಮನೆಗಳಲ್ಲಿದೆ. ಮಕ್ಕಳು ಪುಣೆ, ಮುಂಬಯಿ, ಬೆಂಗಳೂರು ಸೇರಿದ್ದಾರೆ. ಇದ್ದವರಿಗೆ ಹೊಲ, ಅಂಗಡಿ ಬಿಡುವಂತಿಲ್ಲ. ಆದ್ದರಿಂದ ಹಿರಿಯರ ಸ್ನಾನ, ಊಟ, ಮಲಮೂತ್ರಗಳ ಸೇವೆಯನ್ನು ಸಂಬಳದವರಿಗೆ ಒಪ್ಪಿಸುತ್ತೇವೆ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ಸಂಬಳ ಕೊಟ್ಟು ನಾವು ಕೊಂಡದ್ದು ಏನು? ಒಬ್ಬಳ ಶ್ರಮವನ್ನು ಮಾತ್ರ. ತಾಯಿಯ ದೇಹದ ಮೇಲಿನ ಹಕ್ಕನ್ನು ನಾವೂ ಕೊಳ್ಳಲಿಲ್ಲ, ಅವಳಿಗೂ ಕೊಡಲಾರೆವು. ಬುದ್ಧಿ ಮಾಸಿದರೂ ದೇಹ ಅವರದೇ.

“ಬಿದ್ದು ಸತ್ತರೆ ಏನು ಮಾಡಲಿ? ರಕ್ಷಣೆಗಾಗಿಯೇ ಕಟ್ಟಿದ್ದು” ಎಂದರು ಆ ಭಕ್ತರು. ಈ ಮಾತನ್ನು ಹಗುರವಾಗಿ ತೆಗೆಯಲಾಗದು. ಆ ವಯಸ್ಸಿನಲ್ಲಿ ಇನ್ನೊಮ್ಮೆ ಸೊಂಟ ಮುರಿದರೆ ಜೀವಕ್ಕೇ ಅಪಾಯ. ಆದರೆ ಕಟ್ಟಿದ ಮನುಷ್ಯ ಸುಮ್ಮನೆ ಮಲಗುವುದಿಲ್ಲ. ಬಿಡಿಸಿಕೊಳ್ಳಲು ಒದ್ದಾಡಿ ಇನ್ನೂ ಕೆಟ್ಟದಾಗಿ ಬೀಳುವುದುಂಟು. ಮಗ್ಗುಲು ಬದಲಿಸಲಾರದೆ ಬೆನ್ನಿಗೆ ಹುಣ್ಣಾಗುವುದೂ ಉಂಟು.

ಕಾನೂನು ಏನೆನ್ನುತ್ತದೆ ಎಂದು ನೋಡಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 97ನೆಯ ಕಲಮು ಮಾನಸಿಕ ಚಿಕಿತ್ಸಾ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಸರಪಳಿಯಿಂದ ಕಟ್ಟುವುದಕ್ಕೆ ಅದೇ ಕಾಯಿದೆಯಲ್ಲಿ ಪೂರ್ಣ ನಿಷೇಧವಿದೆ. ಬೇರೆ ರೀತಿಯ ತಡೆಯನ್ನೂ, ಕೂಡಲೇ ಒದಗುವ ಅಪಾಯ ತಪ್ಪಿಸಲು ಅನ್ಯ ದಾರಿ ಇಲ್ಲದಾಗ, ಹೊಣೆ ಹೊತ್ತ ಮನೋವೈದ್ಯರ ಅನುಮತಿಯಿಂದ ಮಾತ್ರ ಬಳಸಬೇಕು. ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೆ ಕಟ್ಟಲೇಕೂಡದೆಂದು ಸ್ಪಷ್ಟವಾಗಿ ಬರೆದಿದೆ. ಆ ಕಲಮು ಮನೆಗಳಿಗೆ ಬರೆದದ್ದಲ್ಲ, ನಿಜ. ಆದರೆ ಆಸ್ಪತ್ರೆಗೇ ಸಲ್ಲದ ನೆಪ ಮಗನಿಗೆ ಸಲ್ಲುವುದು ಹೇಗೆ? ಮನೆಯಲ್ಲಿ ಕೈ ಕಟ್ಟಿದ್ದು ಯಾತಕ್ಕೆ? ಒಬ್ಬಳೇ ಹೆಣ್ಣುಮಗಳು 24 ತಾಸು ಎಚ್ಚರವಿರಲಾರಳು ಎಂಬುದಕ್ಕೆ. ಅದು ಆಳಿನ ಕೊರತೆಯಲ್ಲದೆ ಮತ್ತೇನು?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಯಾರನ್ನಾದರೂ ಅಕ್ರಮವಾಗಿ ತಡೆಯುವುದು, ಬಂಧಿಸಿಡುವುದು 126 ಮತ್ತು 127ನೆಯ ಕಲಮುಗಳಂತೆ ಅಪರಾಧ. ಅಶಕ್ತರ ಆರೈಕೆಯನ್ನು ಕರಾರಿನಂತೆ ಒಪ್ಪಿಕೊಂಡು ಬೇಕೆಂತಲೇ ಕೈಬಿಟ್ಟವರಿಗೆ 357ನೆಯ ಕಲಮಿನಲ್ಲಿ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಇನ್ನು 2007ರ ತಂದೆ-ತಾಯಂದಿರ ಹಾಗೂ ಹಿರಿಯ ನಾಗರಿಕರ ಪೋಷಣೆ ಕಾಯಿದೆಯ 24ನೆಯ ಕಲಮು ನೋಡಿರಿ. ಹಿರಿಯರ ಹೊಣೆ ಹೊತ್ತವರು ಅವರನ್ನು ಸಂಪೂರ್ಣ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟು ಹೋದರೆ ಶಿಕ್ಷೆ ಅಷ್ಟೇ: ಮೂರು ತಿಂಗಳು, 5,000 ರೂಪಾಯಿ. ಸಂಬಳದ ಮಾವಶಿಗೂ ಹೆತ್ತ ಮಗನಿಗೂ ಕಾಯಿದೆಯ ತಕ್ಕಡಿ ಒಂದೇ.

ಇಲ್ಲಿ ನಮ್ಮ ನಾಡಿನ ಮಗಳೊಬ್ಬಳ ನೆನಪಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯೇ ನಡೆದ ಪೈಶಾಚಿಕ ಹಲ್ಲೆಯಿಂದ ಮೆದುಳಿಗೆ ಪೆಟ್ಟಾಗಿ ಹಾಸಿಗೆ ಹಿಡಿದವರು 2015ರ ಮೇ 18ರಂದು ತೀರಿಕೊಂಡರು. ಸುಮಾರು 42 ವರ್ಷ ಅದೇ ಆಸ್ಪತ್ರೆಯ ನರ್ಸ್‌ಗಳು, ಆಯಾಗಳು ಅವರಿಗೆ ಉಣಿಸಿ, ಮೀಯಿಸಿ, ಮಗ್ಗುಲು ಬದಲಿಸಿದರು. ಇಷ್ಟು ದೀರ್ಘಕಾಲ ಮಲಗಿದ್ದರೂ ಅವರಿಗೆ ಹಾಸಿಗೆ ಹುಣ್ಣು ಆಗದಂತೆ ನೋಡಿಕೊಂಡ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. 2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಾಲಯ ಆ ಸಿಬ್ಬಂದಿಯನ್ನು ಮನಸಾರೆ ಹೊಗಳಿತು. ಅರುಣಾ ಪರವಾಗಿ ನಿರ್ಧಾರ ಹೇಳುವ ಅಧಿಕಾರ ನಿತ್ಯ ಸೇವೆ ಮಾಡಿದ ಅವರಿಗೇ ಸೇರಿದ್ದೆಂದೂ ಹೇಳಿತು. ಆ ಸೇವೆಗೆ ಪ್ರೀತಿ ಒಂದು ಕಾರಣ. ಪಾಳಿ ಇನ್ನೊಂದು ಕಾರಣ. ಒಬ್ಬಳು ದಣಿದಾಗ ಮತ್ತೊಬ್ಬಳು ಬರುತ್ತಿದ್ದಳು. ನಿದ್ದೆಗೆಟ್ಟವಳಿಂದ ಪ್ರೀತಿಯನ್ನು ನಿರೀಕ್ಷಿಸುವುದೂ ಒಂದು ಬಗೆಯ ಅನ್ಯಾಯವೇ.

ಹಾಗಾದರೆ ಪಾಪ ಯಾರಿಗೆ? ನಾನು ವಾಣಿಜ್ಯ ಓದಿದವನು, ಎದುರಿಗಿದ್ದವರು ವ್ಯಾಪಾರಸ್ಥರು. ಆದ್ದರಿಂದ ವ್ಯಾಪಾರದ ಮಾತಿನಲ್ಲೇ ಹೇಳಿದೆ. 1932ರ ಪಾಲುದಾರಿಕೆ ಕಾಯಿದೆಯಂತೆ ಅಂಗಡಿಯ ಸಾಲಕ್ಕೆ ಎಲ್ಲ ಪಾಲುದಾರರೂ ಕೂಡಿ ಹೊಣೆ, ಪ್ರತಿಯೊಬ್ಬನೂ ಬೇರೆಯಾಗಿ ಪೂರ್ತಿ ಹೊಣೆ. “ನನ್ನದು ನಾಲ್ಕಾಣೆ ಪಾಲು, ನಾಲ್ಕಾಣೆ ಸಾಲವನ್ನಷ್ಟೇ ಕೊಡುವೆ” ಎಂದು ಸಾಲಗಾರನಿಗೆ ಹೇಳುವಂತಿಲ್ಲ. ಇದೂ ಹಾಗೆಯೇ. ಹೇಳಿದ್ದು ನೀವು ಎಂದು ಅವಳ ಹೊಣೆ ಇಳಿಯದು. ಕಟ್ಟಿದ್ದು ಅವಳು ಎಂದು ನಿಮ್ಮದೂ ಇಳಿಯದು. “ಇದನ್ನು ನಾನು ಮಾಡಲಾರೆ” ಎನ್ನುವುದು ಅವಳ ಧರ್ಮವಾಗಿತ್ತು. ಆದರೆ ಹಾಗೆಂದರೆ ನಾಳೆಯ ಅನ್ನ ಹೋಗುವುದೆಂಬ ಭಯವನ್ನು ಇಟ್ಟವರು ಯಾರು? ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಭೆಯಲ್ಲಿ ಹೇಳುತ್ತೇವೆ. ಮಾವಶಿ ಎಂದರೆ ತಾಯಿಯ ಸಹೋದರಿ. ಆ ಹೆಸರಿಟ್ಟು ಕರೆಯುವ ನಾವು ಅವಳಿಗೆ ವಾರದ ಒಂದು ರಜೆ ಕೊಟ್ಟಿದ್ದೇವೆಯೇ?

ಕೊನೆಗೆ ಒಂದು ಮಾತು ಕೇಳಿದೆ: “ರಾತ್ರಿ ಎದ್ದಾಗ ಅವ್ವಾರು ಏನಂತಾರ?” ಅವರಿಗೆ ಗೊತ್ತಿರಲಿಲ್ಲ. ಅವರು ಮಲಗುವುದು ಮಾಳಿಗೆಯ ಮೇಲೆ.

ಮೂರು ದಿನ ಬಿಟ್ಟು ಫೋನ್ ಮಾಡಿದರು. ಒಂದು ರಾತ್ರಿ ತಾವೇ ಮಂಚದ ಬದಿಗೆ ಕುಳಿತಿದ್ದರು. ಎರಡರ ಸುಮಾರಿಗೆ ತಾಯಿ ಎದ್ದು “ಒಂದಕ್ಕ, ಒಂದಕ್ಕ” ಎಂದರಂತೆ. ಮರಾಠಿಯ ಹೊರತು ಬೇರೆ ಭಾಷೆ ಅರಿಯದ ಮಾವಶಿ ನಾಲ್ಕು ತಿಂಗಳು ಅದನ್ನು ಬರೀ ಗೊಣಗಾಟವೆಂದುಕೊಂಡಿದ್ದಳು. ಮೊದಲು ಮರಾಠಿಯನ್ನೂ ಆಡುತ್ತಿದ್ದ ತಾಯಿಗೆ ಈಗ ಉಳಿದದ್ದು ಕನ್ನಡವೊಂದೇ. ಮೂತ್ರಕ್ಕೆ ಹೋಗಬೇಕೆಂದ ಮುದುಕಿಯ ಕೈಯನ್ನು ಇಷ್ಟು ದಿನ ಕಟ್ಟಿ ಹಾಕಿದ್ದರು.

ಈಗ ಆ ಮನೆಯಲ್ಲಿ ರಾತ್ರಿ ಪಾಳಿಗೆ ಕನ್ನಡ ಬಲ್ಲ ಇನ್ನೊಬ್ಬ ಹೆಣ್ಣುಮಗಳಿದ್ದಾಳೆ. ಮಂಚ ತಗ್ಗಿಸಿದ್ದಾರೆ, ಸಣ್ಣ ದೀಪ ಉರಿಯುತ್ತದೆ, ಶೌಚದ ಕುರ್ಚಿ ಪಕ್ಕದಲ್ಲೇ ಇದೆ. ಊಟ, ಔಷಧ, ಮಗ್ಗುಲು ಬದಲಿಸಿದ ವೇಳೆ ಎಲ್ಲವನ್ನೂ ಒಂದು ವಹಿಯಲ್ಲಿ ಬರೆಯುತ್ತಾರೆ; ಸ್ನಾನದ ವೇಳೆ ಬಾಗಿಲು ಮುಚ್ಚುತ್ತಾರೆ. ಇಂಜೆಕ್ಷನ್ ಮುಂತಾದ ನರ್ಸ್‌ಗಳ ಕೆಲಸವನ್ನು ಮಾವಶಿಗೆ ಹೇಳುವುದಿಲ್ಲ. ಖರ್ಚು ಹೆಚ್ಚಾಗಿದೆ, ಅದನ್ನು ಇಬ್ಬರು ಅಣ್ಣತಮ್ಮಂದಿರು ಹಂಚಿಕೊಂಡಿದ್ದಾರೆ. ನಿಮ್ಮ ಮನೆಯಲ್ಲಿಯೂ ಮಲಗಿದ ಹಿರಿಯರಿದ್ದರೆ ಒಂದು ರಾತ್ರಿ ಅವರ ಬದಿಗೆ ಕುಳಿತು ನೋಡಿರಿ.

ದೀಪಾವಳಿಗೆ ಆ ಭಕ್ತರು ಮಠಕ್ಕೆ ಬಂದಿದ್ದರು. ತಾಯಿಯ ಕೈಮೇಲಿನ ಕಲೆ ಮಾಸಿದೆ ಎಂದರು. ಆದರೆ ಯಾರಾದರೂ ಹತ್ತಿರ ಹೋದರೆ ಆಕೆ ಇನ್ನೂ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರಂತೆ.